ಬೆರಳಿಗೆ ಅಳತೆ ಕಲಿಸಿದ ವರ್ಷಗಳು

ಸ್ತ್ರೀರೋಗ ತಜ್ಞರಾಗಲು ಎಷ್ಟು ವರ್ಷ ಓದಬೇಕು ಎಂದು ವೈದ್ಯಕೀಯ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಲೆಕ್ಕ ಸುಲಭ. ಮೊದಲು ಮೂಲ ವೈದ್ಯಕೀಯ ಪದವಿ, ಆಮೇಲೆ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ತರಬೇತಿ. ಭಾರತದ ಎಂ.ಎಸ್. ಎಂಬ ಸ್ನಾತಕೋತ್ತರ ಪದವಿಯಾದರೆ ಈ ತರಬೇತಿ 3 ವರ್ಷ, ಬ್ರಿಟನ್ನಿನಲ್ಲಿ 7 ವರ್ಷ. ಅಷ್ಟೂ ವರ್ಷ ಏನು ಕಲಿಯುತ್ತೀರಿ ಎಂದು ಕೇಳುವವರು ಮಾತ್ರ ಕಡಿಮೆ. ನಾನು ಬಹುಪಾಲು ಕಲಿತದ್ದು ಅಳೆಯುವುದನ್ನು. ಅದೂ ಬರಿಯ ಬೆರಳಿನಿಂದ, ಕಣ್ಣಿನಿಂದ.

ಹೆರಿಗೆ ಎಷ್ಟು ಮುಂದುವರಿದಿದೆ ಎಂಬುದು ಮುಖ್ಯವಾಗಿ ಗರ್ಭಕೊರಳು, ಅಂದರೆ ಗರ್ಭಾಶಯದ ಬಾಯಿ, ಎಷ್ಟು ತೆರೆದಿದೆ ಎಂಬುದರಿಂದ ತಿಳಿಯುತ್ತದೆ. ಪೂರ್ತಿ ತೆರೆದರೆ 10 ಸೆಂಟಿಮೀಟರ್. ತೋರುಬೆರಳು, ನಡುಬೆರಳುಗಳನ್ನು ಅಗಲಿಸಿ ಅಂಕಿ ಹೇಳಬೇಕು. ಶುರುವಿನಲ್ಲಿ ನಾನು ರಟ್ಟಿನಲ್ಲಿ ಬೇರೆ ಬೇರೆ ಅಗಲದ ವೃತ್ತಗಳನ್ನು ಕತ್ತರಿಸಿ, ಕಣ್ಣು ಮುಚ್ಚಿ ಬೆರಳಿಟ್ಟು ಅಳತೆ ಹೇಳಿ, ಆಮೇಲೆ ಸ್ಕೇಲ್ ಹಿಡಿದು ನೋಡುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ಜೊತೆಯವರು ನಕ್ಕರು. ಪರೀಕ್ಷೆ ಹತ್ತಿರವಾದಾಗ ಅದೇ ರಟ್ಟು ಕೇಳಿಕೊಂಡು ಬಂದರು. ನಿಜವಾದ ಗರ್ಭಕೊರಳು ಅಷ್ಟು ಸಾಧುವಲ್ಲ. ಕೆಲವೊಮ್ಮೆ ಕಾಗದದಷ್ಟು ತೆಳುವಾಗಿರುತ್ತದೆ, ಕೆಲವೊಮ್ಮೆ ಹಿಂದಕ್ಕೆ ತಿರುಗಿಕೊಂಡು ಬೆರಳಿಗೇ ಸಿಗುವುದಿಲ್ಲ.

ಅದಕ್ಕಿಂತ ಕಷ್ಟ, ಮಗುವಿನ ತಲೆ ಯಾವ ಕಡೆ ತಿರುಗಿದೆ ಎಂದು ತಿಳಿಯುವುದು. ತಲೆಬುರುಡೆಯ ಮೂಳೆಗಳು ಕೂಡುವ ನಡುಗೆರೆಯ ಮೇಲೆ ಬೆರಳನ್ನು ಜಾರಿಸಿಕೊಂಡು ಹೋದರೆ ಒಂದು ತುದಿಯಲ್ಲಿ ಮೂರು ಗೆರೆಗಳು ಸೇರುವ ಸಣ್ಣ ಜಾಗ ಸಿಗುತ್ತದೆ; ಅದು ಹಿಂದಿನ ನೆತ್ತಿ. ನಾಲ್ಕು ಗೆರೆಗಳು ಸೇರುವ, ಮೆತ್ತಗಿನ ಅಗಲ ಜಾಗ ಮುಂದಿನ ನೆತ್ತಿ. ಗೆರೆ ಎಣಿಸಿದರೆ ಉತ್ತರ ಸಿಕ್ಕಿತು. ಆದರೆ ಹೆರಿಗೆ ತುಂಬ ಹೊತ್ತು ಎಳೆದಾಗ ತಲೆಯ ಚರ್ಮ ಊದಿಕೊಂಡು ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಯಾವಾಗ ತಿಳಿಯಲೇಬೇಕೋ ಆಗಲೇ ತಿಳಿಯುವುದಿಲ್ಲ! ಆಗ ಮಗುವಿನ ಕಿವಿಯನ್ನು ಹುಡುಕುತ್ತೇವೆ, ಇಲ್ಲವೇ ಅಲ್ಟ್ರಾಸೌಂಡಿನಲ್ಲಿ ಕಣ್ಣುಗುಳಿಗಳನ್ನು ನೋಡುತ್ತೇವೆ. ಇದು ಖಚಿತವಾಗದೆ ಫೋರ್ಸೆಪ್ಸ್, ಅಂದರೆ ಮಗುವಿನ ತಲೆಯನ್ನು ಹಿಡಿದು ಹೊರತರುವ ಇಕ್ಕಳ, ಕೈಗೆತ್ತಿಕೊಳ್ಳುವಂತಿಲ್ಲ.

ಇಷ್ಟೆಲ್ಲ ಕಲಿಯುವುದು ನೋವು ತಿನ್ನುತ್ತಿರುವ ಒಬ್ಬ ಹೆಂಗಸಿನ ದೇಹದ ಮೇಲೆ. ನನಗೆ ಹೆರಿಗೆ ಕೋಣೆಯ ಹಿರಿಯ ಸಿಸ್ಟರ್ ಒಬ್ಬರು ಮೊದಲ ವಾರದಲ್ಲೇ ಹೇಳಿದ್ದರು: "ಕೇಳಿ ಮುಟ್ಟಿ ಡಾಕ್ಟರೇ, ಮುಟ್ಟಿ ಕೇಳಬೇಡಿ." ಹೆರಿಗೆ ಸರಾಗವಾಗಿ ಸಾಗುತ್ತಿದ್ದರೆ ಒಳಪರೀಕ್ಷೆ 4 ಗಂಟೆಗೊಮ್ಮೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು, ಪದೇ ಪದೇ ಮಾಡಿದಷ್ಟೂ ಸೋಂಕಿನ ಭಯ. ಹಾಗಾಗಿ ಕಲಿಯುವವರೆಲ್ಲ ಸಾಲುಗಟ್ಟಿ ಪರೀಕ್ಷಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆಕೆಯ ಒಪ್ಪಿಗೆ ಪಡೆದು, ಸೀನಿಯರ್ ಪರೀಕ್ಷಿಸಿದ ಕೂಡಲೇ ಒಬ್ಬರು ನೋಡಿ, ಇಬ್ಬರೂ ತಮ್ಮ ತಮ್ಮ ಅಂಕಿಯನ್ನು ಹೇಳದೆ ಬರೆದು ಹೋಲಿಸಬೇಕು. ಮೊದಲೇ ಕೇಳಿಸಿಕೊಂಡರೆ ಬೆರಳಿಗೂ ಅದೇ ಅಂಕಿ ಸಿಗುತ್ತದೆ.

ಕಣ್ಣಂತೂ ಬೆರಳಿಗಿಂತ ದೊಡ್ಡ ಸುಳ್ಳುಗಾರ. ಹೆರಿಗೆಯ ನಂತರ 500 ಮಿಲಿಲೀಟರ್ ರಕ್ತ ಹೋದರೆ ಅತಿ ರಕ್ತಸ್ರಾವ ಎಂದು ಪುಸ್ತಕದಲ್ಲಿ ಓದಿರುತ್ತೇವೆ. ಹಾಸಿಗೆಯ ಮೇಲೆ ಹರಡಿದ ರಕ್ತ ಎಷ್ಟು ಎಂದು ಯಾರನ್ನಾದರೂ ಕೇಳಿ; ಹೆಚ್ಚು ಹೋದಷ್ಟೂ ಕಡಿಮೆ ಹೇಳುತ್ತಾರೆ. ಆದ್ದರಿಂದ ನೆನೆದ ಬಟ್ಟೆಯನ್ನು ತೂಗಿ, ಒಣ ತೂಕವನ್ನು ಕಳೆದು, ಒಂದು ಗ್ರಾಮಿಗೆ ಸುಮಾರು ಒಂದು ಮಿಲಿಲೀಟರ್ ಎಂದು ಲೆಕ್ಕ ಹಾಕುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧವನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಕಡಿಮೆಯಾಗುತ್ತದೆ ಎಂದು 2017ರ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ಕಣ್ಣಂದಾಜನ್ನು ನಂಬಿ ಕುಳಿತರೆ ಆ ಗಂಟೆಗಳು ಕೈತಪ್ಪುತ್ತವೆ.

ಶಸ್ತ್ರಚಿಕಿತ್ಸೆಯಲ್ಲಿ ಅಳತೆ ಇನ್ನೂ ಸಣ್ಣದು. ಗರ್ಭಾಶಯ ತೆಗೆಯುವಾಗ ಗರ್ಭಾಶಯದ ರಕ್ತನಾಳವನ್ನು ಕಟ್ಟಬೇಕು. ಗರ್ಭಕೊರಳಿನಿಂದ ಸುಮಾರು 2 ಸೆಂಟಿಮೀಟರ್ ಆಚೆ, ಅದರ ಕೆಳಗೇ ಮೂತ್ರನಾಳ ಹಾದುಹೋಗುತ್ತದೆ. ಸೇತುವೆಯ ಅಡಿ ನೀರು ಎಂದು ನೆನಪಿಟ್ಟುಕೊಳ್ಳುತ್ತೇವೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಕೈ ಎಡಕ್ಕೆ ಹೋದರೆ ಉಪಕರಣದ ತುದಿ ಬಲಕ್ಕೆ ಹೋಗುತ್ತದೆ, ಇದಕ್ಕೆ ತರಬೇತಿ ಪೆಟ್ಟಿಗೆಯಲ್ಲಿ ಗಂಟು ಹಾಕಿ ಹಾಕಿ ಒಗ್ಗಿಕೊಂಡೆ.

ಪ್ರಬಂಧ, ಲಿಖಿತ ಪರೀಕ್ಷೆ, ಮೌಖಿಕ ಪರೀಕ್ಷೆ ಎಲ್ಲವೂ ಇವೆ. ಓದಿದರೆ ಅವನ್ನು ದಾಟಬಹುದು. ಈ ವಿಭಾಗಕ್ಕೆ ಬರುವವರು ಸೀಟು ಆರಿಸುವ ಮುನ್ನ ಅಲ್ಲಿ ಈಗ ಓದುತ್ತಿರುವವರನ್ನು ಎರಡು ವಿಷಯ ಕೇಳಿ: ರಾತ್ರಿ ಪಾಳಿಯಲ್ಲಿ ನಿಮ್ಮ ಹಿಂದೆ ಯಾರು ನಿಲ್ಲುತ್ತಾರೆ? ನೀವು ಹೇಳಿದ ಅಂಕಿಯನ್ನು ಅವರು ತಾವೇ ಪರೀಕ್ಷಿಸಿ ನೋಡುತ್ತಾರೆಯೇ?