ಸುದ್ದಿಯಿಂದ ಮರೆಯಾದ ಮೇಲೂ ಧೂಮಕೇತುವಿನ ಬೆನ್ನು ಹತ್ತುವುದು ಹೇಗೆ?

2024ರ ಸೆಪ್ಟೆಂಬರ್ ಕೊನೆಯ ವಾರ ನೆನಪಿದೆಯಾ? ಬೆಳಗಿನ ಜಾವ ಪೂರ್ವದ ಅಂಚಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಕಾಣಿಸಿಕೊಂಡಿತ್ತು. ಬೆಂಗಳೂರಿನ ಟೆರೇಸುಗಳಿಂದ ತೆಗೆದ ಫೋಟೊಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ಸೆಪ್ಟೆಂಬರ್ 27ಕ್ಕೆ ಅದು ಸೂರ್ಯನಿಗೆ ಅತಿ ಹತ್ತಿರ ಹೋಯಿತು. ಅಕ್ಟೋಬರ್ 12ಕ್ಕೆ ಭೂಮಿಗೆ ಅತಿ ಹತ್ತಿರ, ಅಂದರೆ ಸುಮಾರು 7 ಕೋಟಿ ಕಿಲೊಮೀಟರ್ ದೂರಕ್ಕೆ ಬಂದು ಸಂಜೆಯ ಆಕಾಶಕ್ಕೆ ದಾಟಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಜಡಿಮಳೆ, 17ಕ್ಕೆ ಹುಣ್ಣಿಮೆ ಬೇರೆ. ಮೋಡ ಸರಿದು ಚಂದ್ರ ತಡವಾಗಿ ಹುಟ್ಟತೊಡಗುವ ಹೊತ್ತಿಗೆ ಪತ್ರಿಕೆ, ಟಿವಿ ಎಲ್ಲ ಬೇರೆ ಸುದ್ದಿಗೆ ಹೊರಳಿದ್ದವು. ಧೂಮಕೇತು ಮಾತ್ರ ಪಶ್ಚಿಮದಲ್ಲಿ ಇದ್ದೇ ಇತ್ತು, ದಿನಕ್ಕಿಷ್ಟು ಮಂಕಾಗುತ್ತಾ, ದಿನಕ್ಕಿಷ್ಟು ಮೇಲೇರುತ್ತಾ.

ಹವ್ಯಾಸಿಗಳಿಗೆ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದಲೇ. ಹೊಳೆಯುವಾಗ ಸಾವಿರ ಜನ ನೋಡುತ್ತಾರೆ, ಮಂಕಾದ ಮೇಲೆ ನೋಡುವವರು ಬೆರಳೆಣಿಕೆ. ಆದರೆ ಧೂಮಕೇತು ಎಷ್ಟು ಬೇಗ ಮಂಕಾಗುತ್ತಿದೆ, ನಡುವೆ ಸಿಡಿಯಿತಾ, ಒಡೆಯಿತಾ ಅನ್ನುವುದೆಲ್ಲ ಗೊತ್ತಾಗಬೇಕಾದರೆ ಯಾರಾದರೂ ಕೊನೆಯವರೆಗೂ ನೋಡುತ್ತಿರಲೇಬೇಕಲ್ವಾ?

ಹೋಮ್ಸ್ ಧೂಮಕೇತುವಿನ ಕಥೆಯನ್ನೇ ನೋಡಿ. 2007ರ ಮೇ ತಿಂಗಳಲ್ಲಿ ಅದು ಸೂರ್ಯನನ್ನು ಸುತ್ತಿ ವಾಪಸ್ ಹೊರಟಿತ್ತು. ಅಕ್ಟೋಬರ್ ಹೊತ್ತಿಗೆ ದೊಡ್ಡ ದೂರದರ್ಶಕಕ್ಕೆ ಮಾತ್ರ ಸಿಗುವಷ್ಟು ಮಂಕು, ಮ್ಯಾಗ್ನಿಟ್ಯೂಡ್ 17ರ ಆಸುಪಾಸು (ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಅಂಕಿ ದೊಡ್ಡದಾದಷ್ಟೂ ಮಂಕು). ಅಕ್ಟೋಬರ್ 24ರ ವೇಳೆಗೆ, ಎರಡು ದಿನಕ್ಕೂ ಕಡಿಮೆ ಸಮಯದಲ್ಲಿ, ಅದು ಸುಮಾರು ಐದು ಲಕ್ಷ ಪಟ್ಟು ಹೊಳಪೇರಿ ಬರಿಗಣ್ಣಿಗೆ ಕಾಣತೊಡಗಿತು. 1892ರಲ್ಲಿ ಎಡ್ವಿನ್ ಹೋಮ್ಸ್ ಅದನ್ನು ಕಂಡುಹಿಡಿದಾಗಲೂ ಅದು ಹೀಗೆಯೇ ಸಿಡಿದಿತ್ತು. ಇಂಥದ್ದು ಮುಂದೆ ಯಾವಾಗ, ಯಾವ ಧೂಮಕೇತುವಿನಲ್ಲಿ ಆಗುತ್ತದೋ ಹೇಳಲು ಬರುವುದಿಲ್ಲ.

ಮಂಕಾಗುವುದು ಯಾಕೆ

ಇದು ಸ್ವಲ್ಪ ಗೊತ್ತಿದ್ದರೆ ಏನನ್ನು ನಿರೀಕ್ಷಿಸಬೇಕು ಅನ್ನುವುದು ತಿಳಿಯುತ್ತದೆ. ಧೂಮಕೇತುವಿನ ನಡುಗಟ್ಟಿ ಕೆಲವೇ ಕಿಲೊಮೀಟರ್ ಅಗಲದ ಮಂಜು ಮತ್ತು ದೂಳಿನ ಉಂಡೆ. ಬಿಸಿಲಿಗೆ ಮಂಜು ಆವಿಯಾಗಿ ದೂಳನ್ನೂ ಎಬ್ಬಿಸಿಕೊಂಡು ಹೊರಬರುತ್ತದೆ. ನಮಗೆ ಕಾಣುವ ಮಸುಕು ತಲೆ, ಅಂದರೆ ಕೋಮಾ, ಮತ್ತು ಬಾಲ ಇದರದ್ದೇ. ಸೂರ್ಯನಿಂದ ದೂರ ಹೋದಂತೆ ಬಿಸಿಲು ಕಡಿಮೆ, ಆವಿ ಕಡಿಮೆ, ಜೊತೆಗೆ ಇರುವ ದೂಳಿನ ಮೇಲೆ ಬೀಳುವ ಬೆಳಕೂ ಕಡಿಮೆ. ಹಾಗಾಗಿ ಸೂರ್ಯನಿಂದ ದೂರ ಎರಡು ಪಟ್ಟಾದರೆ ಹೊಳಪು ಕಾಲು ಭಾಗಕ್ಕೆ ಇಳಿದು ನಿಲ್ಲುವುದಿಲ್ಲ, ಸಾಮಾನ್ಯ ಲೆಕ್ಕದಲ್ಲಿ ಹದಿನಾರನೇ ಒಂದು ಭಾಗಕ್ಕೆ ಬರುತ್ತದೆ. ಭೂಮಿಯಿಂದ ದೂರವಾಗುವುದರ ಇಳಿಕೆ ಇದರ ಮೇಲೆ ಬೇರೆ.

ತ್ಸುಚಿನ್‌ಶಾನ್-ಅಟ್ಲಾಸ್‌ಗೆ ಇನ್ನೊಂದು ಕಾರಣವೂ ಇತ್ತು. ಅಕ್ಟೋಬರ್ 9ರ ಸುಮಾರಿಗೆ ಅದು ಹೆಚ್ಚುಕಡಿಮೆ ನಮ್ಮ ಮತ್ತು ಸೂರ್ಯನ ನಡುವೆ ಇತ್ತು. ಹಿಂದಿನಿಂದ ಬಿಸಿಲು ಬಿದ್ದಾಗ ದೂಳು ನಮ್ಮ ಕಡೆಗೆ ಜಾಸ್ತಿ ಬೆಳಕು ಚೆಲ್ಲುತ್ತದೆ. ಆ ಕೋನ ತಪ್ಪಿದ ಕೂಡಲೇ ಹೊಳಪು ಸರಸರನೆ ಇಳಿಯಿತು. ಅಕ್ಟೋಬರ್ ಮುಗಿಯುವಾಗ ಅದು ಬರಿಗಣ್ಣಿನ ಮಿತಿಗೆ ಬಂದಿತ್ತು.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್ ಉಚಿತ, ಕಂಪ್ಯೂಟರಿನಲ್ಲಿ ಹಾಕಿಕೊಳ್ಳಿ. ಅದರಲ್ಲಿ ಸೋಲಾರ್ ಸಿಸ್ಟಮ್ ಎಡಿಟರ್ ಅನ್ನುವ ಪ್ಲಗಿನ್ ಇದೆ. ಧೂಮಕೇತು, ಕ್ಷುದ್ರಗ್ರಹಗಳ ಪಥದ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರ್ ಕೊಡುವ ಧೂಮಕೇತುಗಳ ಪಟ್ಟಿಯನ್ನು ಅದರ ಮೂಲಕ ಇಳಿಸಿಕೊಳ್ಳಬಹುದು. ಧೂಮಕೇತುವಿನ ಪಥ ಹೊಸ ಅಳತೆಗಳಿಂದ ತಿದ್ದುಪಡಿಯಾಗುತ್ತಲೇ ಇರುತ್ತದೆ, ಆದ್ದರಿಂದ ತಿಂಗಳ ಹಿಂದಿನ ಪಟ್ಟಿ ಇಟ್ಟುಕೊಂಡು ಹುಡುಕಬೇಡಿ. ಸಾಫ್ಟ್‌ವೇರ್ ತೋರಿಸುವ ಹೊಳಪನ್ನಂತೂ ಪೂರ್ತಿ ನಂಬಬೇಡಿ, ಅದು ಬರೀ ಸೂತ್ರದ ಲೆಕ್ಕ. ಈಗ ನಿಜವಾಗಿ ಎಷ್ಟಿದೆ ಅನ್ನುವುದಕ್ಕೆ ಸ್ಲೊವೇನಿಯಾದಿಂದ ನಡೆಯುವ ಕಾಬ್ಸ್ ದತ್ತಾಂಶ ಕೋಶ ನೋಡಿ. ಜಗತ್ತಿನ ಹವ್ಯಾಸಿಗಳು ಕಳಿಸಿದ ಅಂದಾಜುಗಳೆಲ್ಲ ಅಲ್ಲಿ ಸಿಗುತ್ತವೆ.

ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಒಂದು ಸುಲಭದ ಲೆಕ್ಕವಿದೆ. ಧೂಮಕೇತು ಸಂಜೆ ಪಶ್ಚಿಮದಲ್ಲಿದ್ದರೆ ನೀವು ಊರಿನ ಪಶ್ಚಿಮಕ್ಕೇ ಹೋಗಿ. ಬೆಂಗಳೂರಿನವರು ಮಾಗಡಿ ಕಡೆ, ಮೈಸೂರಿನವರು ಎಚ್.ಡಿ. ಕೋಟೆ ಕಡೆ ಹೋದರೆ ಊರಿನ ದೀಪಗಳ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ. ಕೋಲಾರದ ಕಡೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿದರೆ ಇಡೀ ಬೆಂಗಳೂರಿನ ಬೆಳಕು ಎದುರಿಗೇ ಬರುತ್ತದೆ. ಯಾರದಾದರೂ ಹೊಲದ ಬದುವಿನಲ್ಲಿ ನಿಲ್ಲುವುದಾದರೆ ಹಗಲೇ ಹೋಗಿ ಯಜಮಾನರಿಗೆ ಹೇಳಿ ಬನ್ನಿ. ರಾತ್ರಿ ಬೈನಾಕ್ಯುಲರ್ ಕೊಟ್ಟು ಅವರಿಗೂ ತೋರಿಸಿ. ಬಾಲಚುಕ್ಕಿ ಅಂದರೆ ಏನು, ಅದರಿಂದ ಕೇಡೇನೂ ಇಲ್ಲ ಅಂತ ಹೇಳಲು ಅದಕ್ಕಿಂತ ಒಳ್ಳೆ ಸಂದರ್ಭ ಸಿಗುವುದಿಲ್ಲ.

ಚಂದ್ರನ ಲೆಕ್ಕವನ್ನೂ ಮರೆಯಬೇಡಿ. 2024ರ ನವೆಂಬರ್ 1ಕ್ಕೆ ಅಮಾವಾಸ್ಯೆ, ಒಳ್ಳೆ ಕತ್ತಲು. ಆದರೆ ಅದು ದೀಪಾವಳಿ ಅಮಾವಾಸ್ಯೆ, ಪಟಾಕಿ ಹೊಗೆಯಲ್ಲಿ ಕ್ಷಿತಿಜದ ಹತ್ತಿರದ ಆಕಾಶ ಬೂದಿ ಬಣ್ಣಕ್ಕೆ ತಿರುಗುವ ದಿನಗಳು. ಪ್ರತಿ ವರ್ಷವೂ ಇದೇ ಪಾಡು. ಆ ಮೂರು ದಿನ ಊರುಗಳಿಂದ ಆದಷ್ಟು ದೂರ ಇರಿ, ಇಲ್ಲವೇ ಹಬ್ಬ ಮುಗಿದ ಮೇಲೆ ನೋಡಿ.

ಕಣ್ಣಿನಿಂದ ನೋಡುವುದು

10x50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುವ, 50 ಎಂಎಂ ಅಗಲದ ಮಸೂರ ಇರುವಂಥದ್ದು) ಸಾಕು, ನನ್ನ ಪ್ರಕಾರ ಶುರುವಿಗೆ ಅದೇ ಅತ್ಯುತ್ತಮ. ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಂದು ಸಲ ವಾಟ್ಸಾಪ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ನಾಲ್ಕು ಮಡಿಕೆ ಸುತ್ತಿ.

ಹೊಸಬರು ನಿರಾಶರಾಗುವುದು ಒಂದೇ ಕಾರಣಕ್ಕೆ. ‘ಮ್ಯಾಗ್ನಿಟ್ಯೂಡ್ 6’ ಅಂದಾಗ ಅಷ್ಟು ಹೊಳಪಿನ ನಕ್ಷತ್ರದ ಹಾಗೆ ಚುಕ್ಕೆ ಕಾಣುತ್ತದೆ ಅಂದುಕೊಳ್ಳುತ್ತಾರೆ. ಧೂಮಕೇತುವಿನ ಬೆಳಕು ಹರಡಿಕೊಂಡಿರುತ್ತದೆ, ಕಾಣುವುದು ಬಿಡಿಸಿದ ಹತ್ತಿ ಚೂರಿನಂಥ ಒಂದು ಮಸುಕು. ಅದಕ್ಕೆ ಕಣ್ಣು ಪಳಗಲಿ ಅಂತ ಮೊದಲು ಆಂಡ್ರೊಮಿಡಾ ಗೆಲಾಕ್ಸಿಯನ್ನೋ ಎಂ15 ನಕ್ಷತ್ರಗುಚ್ಛವನ್ನೋ ಹುಡುಕಿ ನೋಡಿ, ಅಕ್ಟೋಬರ್-ನವೆಂಬರ್ ಸಂಜೆ ಎರಡೂ ಆಕಾಶದಲ್ಲಿ ಇರುತ್ತವೆ. ಆಮೇಲೆ ಧೂಮಕೇತುವಿನ ಜಾಗಕ್ಕೆ ಬನ್ನಿ. ನೇರ ದಿಟ್ಟಿಸಬೇಡಿ, ಅದರ ಪಕ್ಕದ ನಕ್ಷತ್ರವನ್ನು ನೋಡುತ್ತಾ ಓರೆಗಣ್ಣಿನಲ್ಲಿ ಗಮನಿಸಿ. ಬೈನಾಕ್ಯುಲರನ್ನು ಮೆಲ್ಲಗೆ ತಟ್ಟಿ. ಅಲುಗಾಡಿದಾಗ ಮಸುಕು ಎದ್ದು ಕಾಣುತ್ತದೆ.

ಹೊಳಪಿನ ಅಂದಾಜು

ಹೊಸಬರು ಸುಮ್ನೆ ಬಿಟ್ಟುಬಿಡುವ ಭಾಗ ಇದು, ಆದರೆ ಇಡೀ ಹವ್ಯಾಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ಹರಡಿದ ಮಸುಕನ್ನು ಚುಕ್ಕೆಯಂಥ ನಕ್ಷತ್ರದ ಜೊತೆ ಹೋಲಿಸುವುದು ಹೇಗೆ? ನಕ್ಷತ್ರವನ್ನೂ ಮಸುಕು ಮಾಡಿಬಿಡಬೇಕು.

ಸಿಜ್‌ವಿಕ್ ವಿಧಾನ ಹೀಗಿದೆ. ಧೂಮಕೇತುವನ್ನು ಸರಿಯಾದ ಫೋಕಸ್ಸಿನಲ್ಲಿ ನೋಡಿ, ಅದು ಎಷ್ಟು ದೊಡ್ಡದು, ಎಷ್ಟು ಹೊಳಪು ಅನ್ನುವುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಿ. ಈಗ ಹತ್ತಿರದ, ಹೊಳಪು ಗೊತ್ತಿರುವ ನಕ್ಷತ್ರಕ್ಕೆ ಹೋಗಿ ಫೋಕಸ್ ತಿರುಗಿಸುತ್ತಾ ಬನ್ನಿ. ನಕ್ಷತ್ರ ಊದಿಕೊಂಡು ಧೂಮಕೇತುವಿನಷ್ಟೇ ದೊಡ್ಡದಾದಾಗ ನಿಲ್ಲಿಸಿ. ನೆನಪಿನಲ್ಲಿರುವುದಕ್ಕಿಂತ ಇದು ಹೊಳಪಾ, ಮಂಕಾ? 6.2ರ ನಕ್ಷತ್ರ ತುಸು ಹೊಳಪಾಗಿದ್ದು, 6.8ರದ್ದು ಸಾಕಷ್ಟು ಮಂಕಾಗಿದ್ದರೆ ಧೂಮಕೇತು 6.4ರ ಹತ್ತಿರ ಇದೆ ಅಂತ ಬರೆದುಕೊಳ್ಳಿ. ನಡುಭಾಗ ಚುಕ್ಕೆಯ ಹಾಗೆ ಗಟ್ಟಿಯಾಗಿರುವ ಧೂಮಕೇತುವಿಗೆ ಈ ವಿಧಾನ ಸರಿಹೋಗುವುದಿಲ್ಲ. ಆಗ ಎರಡನ್ನೂ ಸಮನಾಗಿ ಫೋಕಸ್ ತಪ್ಪಿಸಿ ಹೋಲಿಸಿ, ಅದು ಬೊಬ್ರೊವ್‌ನಿಕಾಫ್ ವಿಧಾನ. ಮಂಕಾಗುತ್ತಾ ಹೋದಂತೆ ಕೋಮಾ ಹೆಚ್ಚಾಗಿ ಹರಡಿಕೊಳ್ಳುತ್ತದೆ, ಹಾಗಾಗಿ ನಮ್ಮ ಕೆಲಸಕ್ಕೆ ಸಿಜ್‌ವಿಕ್ ಜಾಸ್ತಿ ಒದಗುತ್ತದೆ.

ಎರಡು ಎಚ್ಚರಿಕೆ ಬೇಕು. ಹೋಲಿಸುವ ನಕ್ಷತ್ರ ಧೂಮಕೇತುವಿನಷ್ಟೇ ಎತ್ತರದಲ್ಲಿರಲಿ, ಕ್ಷಿತಿಜದ ಹತ್ತಿರ ಗಾಳಿಯೇ ಬೆಳಕನ್ನು ನುಂಗುತ್ತದೆ. ಕೆಂಪು ನಕ್ಷತ್ರಗಳನ್ನು ಬಿಡಿ, ಕಣ್ಣು ಅವುಗಳ ವಿಷಯದಲ್ಲಿ ಮೋಸ ಹೋಗುತ್ತದೆ.

ಫೋಟೊ ತೆಗೆಯುವುದು

ಮೊಬೈಲಿನ ನೈಟ್ ಮೋಡ್ ಹೊಳಪಿನ ದಿನಗಳಿಗೆ ಸರಿ. ಮಂಕಾದ ಮೇಲೆ ಲೆನ್ಸ್ ಬದಲಿಸುವ ಕ್ಯಾಮೆರಾ ಬೇಕು. ಹಳೆಯದಾದರೂ ಪರವಾಗಿಲ್ಲ. ಟ್ರೈಪಾಡ್ ಮೇಲೆ 50 ಎಂಎಂ ಲೆನ್ಸ್, ಎಫ್ 2, ಐಎಸ್‌ಒ 1600, ಒಂದೊಂದು ಚಿತ್ರ 5 ಸೆಕೆಂಡ್. ಅದಕ್ಕಿಂತ ಜಾಸ್ತಿ ಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೀಟಾಗುತ್ತವೆ. ಜೆಪೆಗ್ ಬೇಡ, ಸೆನ್ಸರಿನ ಮಾಹಿತಿ ಪೂರ್ತಿ ಉಳಿಯುವ ರಾ ಫೈಲಿನಲ್ಲೇ ತೆಗೆಯಿರಿ. ಲೈವ್ ವ್ಯೂನಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಕೈಯಿಂದಲೇ ಫೋಕಸ್ ಮಾಡಿ, ರಿಂಗಿಗೆ ಟೇಪ್ ಅಂಟಿಸಿ. ಇನ್ನೂರು ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ, ಒಂದು ಚಿತ್ರದಲ್ಲಿ ಕಾಣದ್ದು ಕಾಣತೊಡಗುತ್ತದೆ.

ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇದ್ದರೆ 135 ಅಥವಾ 200 ಎಂಎಂ ಲೆನ್ಸ್ ಹಾಕಿ ಒಂದೊಂದು ನಿಮಿಷದ ಚಿತ್ರ ತೆಗೆಯಬಹುದು. ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಡಬೇಕು, ಅದು ಬೆಂಗಳೂರಿನಲ್ಲಿ ಬರೀ 13 ಡಿಗ್ರಿ ಎತ್ತರದಲ್ಲಿರುತ್ತದೆ, ಬೀದರಿನಲ್ಲಿ 18. ಒಂದು ತೆಂಗಿನ ಮರ ಸಾಕು ಮರೆಮಾಡಲು! ಹಾಗಾಗಿ ಪಶ್ಚಿಮದ ಜೊತೆ ಉತ್ತರವೂ ಬಯಲಾಗಿರುವ ಜಾಗವನ್ನು ಹಗಲೇ ನೋಡಿಟ್ಟುಕೊಳ್ಳಿ. ನವೆಂಬರ್ ಬಂತೆಂದರೆ ಇಬ್ಬನಿ, ಅದರಲ್ಲೂ ಮಲೆನಾಡಿನಲ್ಲಿ ಗಂಟೆಯೊಳಗೆ ಲೆನ್ಸ್ ಒದ್ದೆಯಾಗುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಡ್ಯೂ ಹೀಟರ್ ಪಟ್ಟಿಯನ್ನು ಲೆನ್ಸಿಗೆ ಸುತ್ತಿಡಿ. ಎಲ್ಲ ಮುಗಿದ ಮೇಲೆ ಲೆನ್ಸ್ ಮುಚ್ಚಿ ಅದೇ ಸೆಟ್ಟಿಂಗಿನಲ್ಲಿ ಇಪ್ಪತ್ತು ಡಾರ್ಕ್ ಫ್ರೇಮ್ ತೆಗೆಯಿರಿ. ಸೆನ್ಸರಿನ ಗದ್ದಲ ಕಳೆಯಲು ಅವು ಬೇಕು.

ಇನ್ನೊಂದು ತೊಡಕು, ಧೂಮಕೇತು ನಕ್ಷತ್ರಗಳ ನಡುವೆ ತಾನೂ ಸರಿಯುತ್ತಿರುತ್ತದೆ. ದಿನಕ್ಕೆ ಒಂದು ಡಿಗ್ರಿ ಚಲಿಸುವ ಧೂಮಕೇತು ಅರ್ಧ ಗಂಟೆಯಲ್ಲಿ 75 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್) ದಾಟುತ್ತದೆ, 200 ಎಂಎಂ ಲೆನ್ಸಿನಲ್ಲಿ ಅದು ಹದಿನೆಂಟು ಪಿಕ್ಸೆಲ್ ಆಸುಪಾಸು. ನಕ್ಷತ್ರಗಳಿಗೆ ಹೊಂದಿಸಿ ಚಿತ್ರಗಳನ್ನು ಕೂಡಿಸಿದರೆ ಧೂಮಕೇತು ಎಳೆದಂತಾಗಿ ಬಾಲದ ಸೂಕ್ಷ್ಮವೆಲ್ಲ ಕಲಸಿಹೋಗುತ್ತದೆ. ಡೀಪ್‌ಸ್ಕೈಸ್ಟ್ಯಾಕರ್ ಉಚಿತ ಸಾಫ್ಟ್‌ವೇರಿನಲ್ಲಿ ಇದಕ್ಕೇ ಅಂತ ಕಾಮೆಟ್ ಮೋಡ್ ಇದೆ. ಮೊದಲ ಚಿತ್ರ, ಕೊನೆಯ ಚಿತ್ರ, ಮತ್ತು ಆಧಾರವಾಗಿ ಆರಿಸಿದ ಚಿತ್ರದಲ್ಲಿ ತಲೆಯ ನಟ್ಟನಡುವೆ ಗುರುತು ಹಾಕಿ. ನಡುವಿನ ಚಿತ್ರಗಳಲ್ಲಿ ಅದು ಎಲ್ಲಿತ್ತು ಅನ್ನುವುದನ್ನು ತೆಗೆದ ಸಮಯದ ಮೇಲೆ ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕುತ್ತದೆ. ಆದ್ದರಿಂದ ಹೊರಡುವ ಮೊದಲೇ ಕ್ಯಾಮೆರಾದ ಗಡಿಯಾರ ಸರಿಮಾಡಿಕೊಳ್ಳಿ.

ತಲೆಯನ್ನು ಹಿಗ್ಗಿಸಿ ನೋಡಿ. ನಡುಗಟ್ಟಿ ಚುಕ್ಕೆಯಂತೆ ಇದೆಯಾ, ಉದ್ದವಾಗಿ ಎಳೆದುಕೊಂಡಿದೆಯಾ? ಧೂಮಕೇತು ಒಡೆಯುವಾಗ ಮೊದಲು ಕಾಣುವ ಲಕ್ಷಣ ಇದೇ. 2020ರ ಏಪ್ರಿಲ್‌ನಲ್ಲಿ ಅಟ್ಲಾಸ್ ಹೆಸರಿನ ಇನ್ನೊಂದು ಧೂಮಕೇತು, ಸಿ/2019 ವೈ4, ಚೂರಾದಾಗ ಹವ್ಯಾಸಿಗಳ ಚಿತ್ರಗಳಲ್ಲೂ ತುಂಡುಗಳು ಬೇರೆಬೇರೆಯಾಗಿ ಕಂಡಿದ್ದವು. ಬಾಲದ ಬಣ್ಣವನ್ನೂ ಗಮನಿಸಿ. ಸೂರ್ಯನಿಗೆ ವಿರುದ್ಧವಾಗಿ ನೆಟ್ಟಗೆ ಚಾಚಿದ ನೀಲಿ ಎಳೆ ಅನಿಲದ್ದು, ಹಳದಿ ಬಿಳುಪಿನ ಅಗಲ ಬಾಲ ದೂಳಿನದು.

ಚಿತ್ರದಲ್ಲಿರುವ ಮಸುಕು ಧೂಮಕೇತುವೇ ಹೌದಾ ಅಂತ ಅನುಮಾನ ಬಂದರೆ ಮಾರನೇ ದಿನ ಅದೇ ಜಾಗವನ್ನು ಮತ್ತೆ ತೆಗೆಯಿರಿ. ತ್ಸುಚಿನ್‌ಶಾನ್-ಅಟ್ಲಾಸ್ ಕೊನೆಗೆ ಇದ್ದದ್ದು ಉರಗಧರ ಪುಂಜದ ಕಡೆ, ಆಕಾಶಗಂಗೆಯ ಅಂಚಿನಲ್ಲಿ, ನಕ್ಷತ್ರಗಳ ಗಿಜಿಗಿಜಿ. ಎರಡು ದಿನದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಬದಲಿಸಿ ನೋಡಿದರೆ ಜಾಗ ಬದಲಿಸಿದ್ದು ಯಾವುದೋ ಅದೇ ಧೂಮಕೇತು. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ವೇಣು ಬಪ್ಪು ಅವರು ಬಾಕ್ ಮತ್ತು ನ್ಯೂಕರ್ಕ್ ಜೊತೆ ತಮ್ಮ ಹೆಸರಿನ ಧೂಮಕೇತುವನ್ನು ಕಂಡುಹಿಡಿದದ್ದೂ ಆಕಾಶದ ಛಾಯಾಚಿತ್ರದಲ್ಲೇ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಕಟ್ಟಿದವರು ಅವರೇ.

ಬರೆದು ಕಳಿಸುವುದು

ಕಾಬ್ಸ್‌ನಲ್ಲಿ ಖಾತೆ ತೆರೆದು ಅಂದಾಜುಗಳನ್ನು ತುಂಬಿ. ಸಮಯ ವಿಶ್ವಮಾನ ಕಾಲದಲ್ಲಿ (ಯುಟಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ), ದಿನದ ದಶಾಂಶವಾಗಿ ಇರಬೇಕು. ನವೆಂಬರ್ 2ರ ಸಂಜೆ 7.30ಕ್ಕೆ ನೋಡಿದಿರಿ ಅಂತಿಟ್ಟುಕೊಳ್ಳಿ. ಐದೂವರೆ ಗಂಟೆ ಕಳೆದರೆ 14 ಗಂಟೆ, ಅದನ್ನು 24ರಿಂದ ಭಾಗಿಸಿದರೆ 0.58, ಹಾಗಾಗಿ ಬರೆಯಬೇಕಾದ್ದು 2.58. ಜೊತೆಗೆ ಹೊಳಪು, ವಿಧಾನ, ಬಳಸಿದ ಉಪಕರಣ, ಕೋಮಾದ ಅಗಲ, ನಡುಭಾಗ ಎಷ್ಟು ಗಟ್ಟಿ ಅನ್ನುವುದಕ್ಕೆ 0ಯಿಂದ 9ರವರೆಗಿನ ಅಂಕ. ಪೂರ್ತಿ ಹರಡಿದ್ದರೆ 0, ನಕ್ಷತ್ರದಂತಿದ್ದರೆ 9. ಬೇರೆಯವರ ಅಂದಾಜು ನೋಡಿ ನಿಮ್ಮದನ್ನು ತಿದ್ದಬೇಡಿ, ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ.

ಒಂದು ದಿನ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಅದನ್ನೂ ದಾಖಲಿಸಿ. ಆ ಜಾಗದಲ್ಲಿ ನಿಮಗೆ ಕಂಡ ಅತಿ ಮಂಕು ನಕ್ಷತ್ರದ ಹೊಳಪನ್ನು ನೋಡಿಕೊಂಡು, ಧೂಮಕೇತು ಅದಕ್ಕಿಂತ ಮಂಕು ಅಂತ ಬರೆಯಲು ಅಲ್ಲಿ ಬೇರೆಯೇ ಗುರುತು ಇದೆ. ಹರಡಿದ ಮಸುಕು ನಕ್ಷತ್ರಕ್ಕಿಂತ ಬೇಗ ಮರೆಯಾಗುವುದರಿಂದ, ಆ ನಕ್ಷತ್ರವನ್ನೂ ಕೋಮಾ ಇರಬಹುದಾದಷ್ಟು ಅಗಲಕ್ಕೆ ಫೋಕಸ್ ತಪ್ಪಿಸಿ, ಆಗಲೂ ಕಂಡರೆ ಮಾತ್ರ ಅದರ ಅಂಕಿಯನ್ನು ಹಾಕಿ.