ಸಾವಯವ ಪ್ರಮಾಣಪತ್ರ: ಅರ್ಜಿಗೆ ಮೊದಲು ಅರಿಶಿನದ ಹೊಲದ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಅರಿಶಿನದ ಹೊಲವೊಂದಕ್ಕೆ ಸಾವಯವ ಪ್ರಮಾಣಪತ್ರ ಮಾಡಿಸಬೇಕು ಎಂದಿಟ್ಟುಕೊಳ್ಳಿ. ಮೊದಲು ಮಾಲು ಎಲ್ಲಿಗೆ ಹೋಗುತ್ತದೆ ಎಂಬುದು ತೀರ್ಮಾನವಾಗಲಿ. ಹೊರದೇಶಕ್ಕಾದರೆ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರ ಅಪೇಡಾದ ಮೇಲ್ವಿಚಾರಣೆಯ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪ್ರಮಾಣಪತ್ರ ಬೇಕೇ ಬೇಕು. ಮೈಸೂರು, ಬೆಂಗಳೂರಿನ ಅಂಗಡಿಗಳಿಗಷ್ಟೇ ಆದರೆ ಕನಿಷ್ಠ 5 ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನೊಬ್ಬರು ತಪಾಸಣೆ ಮಾಡುವ ಪಿಜಿಎಸ್ (ಸಹಭಾಗಿತ್ವದ ಖಾತರಿ ವ್ಯವಸ್ಥೆ) ಸಾಕು, ಖರ್ಚೂ ಕಡಿಮೆ. ವರ್ಷದ ವಹಿವಾಟು 12 ಲಕ್ಷ ರೂ. ಮೀರದ ಸಣ್ಣ ಬೆಳೆಗಾರರು ಗ್ರಾಹಕರಿಗೆ ನೇರ ಮಾರಿದರೆ ಎರಡೂ ಕಡ್ಡಾಯವಲ್ಲ. ಆದರೆ ಸಾವಯವ ಆಹಾರದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಲೋಗೋ ಮಾತ್ರ ಹಾಕುವಂತಿಲ್ಲ.

ಮುಂದಿನದು ನಕ್ಷೆ. ಸರ್ವೆ ನಂಬರಿನ ನಕ್ಷೆ ಹಿಡಿದು ನಾಲ್ಕೂ ಬದುಗಳ ಮೇಲೆ ನಡೆಯಿರಿ. ಪಕ್ಕದಲ್ಲಿ ಹತ್ತಿಯೋ ಬಾಳೆಯೋ ಇದ್ದರೆ ಯಾವ ತಿಂಗಳು ಔಷಧಿ ಹೊಡೆಯುತ್ತಾರೆ, ಗಾಳಿ ಯಾವ ಕಡೆಗೆ ಬೀಸುತ್ತದೆ, ಮಳೆನೀರು ಎಲ್ಲಿಂದ ಒಳಗೆ ಇಳಿಯುತ್ತದೆ ಎಂದು ಬರೆದುಕೊಳ್ಳಿ. ಪಕ್ಕದ ಔಷಧಿ ಬೆಳೆಗೆ ತಾಗದಂತೆ ಬದುವಿನ ಒಳಗೆ ಬಿಡುವ ರಕ್ಷಣಾ ಪಟ್ಟಿ ಎಷ್ಟು ಅಗಲ ಬೇಕೆಂದು ಪ್ರಮಾಣೀಕರಣ ಸಂಸ್ಥೆ ಹೊಲ ನೋಡಿ ಹೇಳುತ್ತದೆ. 2 ಎಕರೆಯ ಚೌಕ ಹೊಲದ ಒಂದು ಬದಿ ಸುಮಾರು 90 ಮೀಟರ್. ಅಕ್ಕಪಕ್ಕದ ಎರಡು ಬದಿಗೆ 5 ಮೀಟರ್ ಬಿಟ್ಟರೆ 80 ಗುಂಟೆಯಲ್ಲಿ ಹೆಚ್ಚುಕಡಿಮೆ 9 ಗುಂಟೆ ಹೋಯಿತು. ಅಲ್ಲಿ ಬೆಳೆದದ್ದನ್ನು ಬೇರೆಯಾಗಿ ಕಿತ್ತು ಮಾಮೂಲಿ ಬೆಲೆಗೇ ಮಾರಬೇಕು. ಲಾಭದ ಲೆಕ್ಕ ಹಾಕುವಾಗ ಈ 9 ಗುಂಟೆಯನ್ನು ಕಳೆಯಲು ಮರೆಯುವವರೇ ಹೆಚ್ಚು.

ಬದುವಿನಾಚೆಯ ಸಿಂಪರಣೆಗೆ ಎಲ್ಲರೂ ಹೆದರುತ್ತಾರೆ. ಆದರೆ ಮಾಲು ಕೆಡುವುದು ಬಹಳ ಸಲ ಹೊರಗಿನಿಂದ ತಂದ ಸಾಮಾನಿನಿಂದ. ಕೊಂಡು ತಂದ ಬಿತ್ತನೆ ಗೆಡ್ಡೆಯನ್ನು ಮ್ಯಾಂಕೋಜೆಬ್ ಎಂಬ ರಾಸಾಯನಿಕ ಶಿಲೀಂಧ್ರನಾಶಕದಲ್ಲಿ ಅದ್ದಿರಬಹುದು. ಸ್ವಂತ ಗೆಡ್ಡೆ ಇಟ್ಟುಕೊಂಡು ರೋಗ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮದಿಂದ ಉಪಚರಿಸುವುದು ಲೇಸು. ನೆರೆಯವರ ಸಿಂಪರಣೆ ಪಂಪು, ಯೂರಿಯಾ ತುಂಬಿದ್ದ ಚೀಲ, ಕೋಳಿ ಫಾರಂನ ಗೊಬ್ಬರ ಎಲ್ಲವೂ ಅದೇ ಸಾಲಿನವು. ಎಲ್ಲಕ್ಕಿಂತ ಮೋಸದ್ದು ಒಣ ಗೆಡ್ಡೆಯನ್ನು ಉಜ್ಜಿ ಹೊಳಪು ಕೊಡುವ ಬಾಡಿಗೆಯ ಪಾಲಿಶ್ ಡ್ರಮ್. ಹಿಂದಿನವರ ಪುಡಿ, ಬಣ್ಣ ಅದರಲ್ಲೇ ಅಂಟಿರುತ್ತದೆ. ಎರಡು ವರ್ಷದ ಶ್ರಮ ಅರ್ಧ ದಿನದಲ್ಲಿ ಹಾಳು. ಡ್ರಮ್ ತೊಳೆಸಿ, ನಿಮ್ಮದೇ ಗೆಡ್ಡೆಯ ಮೊದಲ ಸುತ್ತನ್ನು ಮಾಮೂಲಿ ಮಾಲಿಗೆ ಸೇರಿಸಿ, ಆ ತಾರೀಕನ್ನು ಡೈರಿಯಲ್ಲಿ ಬರೆಯಿರಿ.

ಕೊನೆಗೆ ದುಡ್ಡು. ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ 24 ತಿಂಗಳು, ಬಹುವಾರ್ಷಿಕಕ್ಕೆ ಮೊದಲ ಕೊಯ್ಲಿಗೆ ಮುಂಚೆ 36 ತಿಂಗಳು ಪರಿವರ್ತನಾ ಅವಧಿ, ಅಂದರೆ ಹೊಲ ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುವ ಕಾಲ. ಈ ಕಾಲದಲ್ಲಿ ಇಳುವರಿ ಇಳಿಯಬಹುದು, ಸಾವಯವದ ಬೆಲೆ ಸಿಗುವುದಿಲ್ಲ. ಶುಲ್ಕ, ಪರೀಕ್ಷೆ, ಓಡಾಟ ಸೇರಿ ವರ್ಷಕ್ಕೆ 20,000 ರೂ. ಖರ್ಚು, ಕ್ವಿಂಟಲಿಗೆ 1,000 ರೂ. ಹೆಚ್ಚುವರಿ ಬೆಲೆ ಎಂದುಕೊಂಡರೆ 20 ಕ್ವಿಂಟಲ್ ಮಾರಿದಾಗ ಕಾಗದದ ಖರ್ಚಷ್ಟೇ ಹುಟ್ಟುತ್ತದೆ. ಅಷ್ಟು ಒಣ ಅರಿಶಿನ ಬಾರದ ಹೊಲವಾದರೆ ಒಂಟಿಯಾಗಿ ಹೋಗಬೇಡಿ, ಗುಂಪು ಸೇರಿ. ಆದರೆ ಗುಂಪಿನಲ್ಲಿ ಒಬ್ಬರು ಕದ್ದು ಕಳೆನಾಶಕ ಹೊಡೆದರೂ ಎಲ್ಲರ ಮಾಲು ಅನುಮಾನಕ್ಕೆ ಸಿಗುತ್ತದೆ. ಸೇರುವ ಮುನ್ನ ಅವರ ಹೊಲಗಳ ಬದುಗಳ ಮೇಲೂ ಒಂದು ಸುತ್ತು ನಡೆದು ಬನ್ನಿ.