ಇಂಗ್ಲಿಷ್ ಟೆನ್ಸ್: ‘ಹ್ಯಾವ್’ ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು

ಮಂಗಳೂರು, ಉಡುಪಿ ಕಡೆ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳ ರೆಸ್ಯೂಮೆ ನೋಡಿ ಕೊಡುವಾಗ ಒಂದು ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳ್ತದೆ: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022’. ಒಳ್ಳೆ ಮಾರ್ಕ್ಸ್ ತೆಗೆದವರು, ಪಟಪಟ ಇಂಗ್ಲಿಷ್ ಮಾತಾಡುವವರೇ ಹೀಗೆ ಬರೀತಾರೆ. ಗ್ರಾಮರ್ ಪುಸ್ತಕ ಎಲ್ಲ ಓದಿರ್ತಾರೆ, ಆದ್ರೆ ಬರೆಯುವಾಗ ತಲೆಯಲ್ಲಿ ‘ಮುಗಿಸಿದ್ದೇನೆ’ ಅಂತ ಬರ್ತದೆ, ಕೈ ‘ಹ್ಯಾವ್’ ಹಾಕಿ ಬಿಡ್ತದೆ. ಎಡವುವುದು ಇಲ್ಲಿಯೇ, ಹಾಗಾಗಿ ಇದಕ್ಕೇ ಜಾಸ್ತಿ ಜಾಗ ಕೊಡ್ತೇನೆ.

ಮೊದಲನೇ ಕೆಲಸ, ಗೋಡೆಗೆ ಅಂಟಿಸಿದ 12 ಟೆನ್ಸಿನ ಚಾರ್ಟ್ ತೆಗ್ದಿಡಿ. ಮೂರು ಕಾಲ, ಒಂದೊಂದಕ್ಕೆ ನಾಲ್ಕು ರೂಪ, ಒಟ್ಟು 12 ಅಂತ ಲೆಕ್ಕ ಸರಿಯೇ ಉಂಟು. ಆದ್ರೆ ‘ಐ ವಿಲ್ ಹ್ಯಾವ್ ಬೀನ್ ವರ್ಕಿಂಗ್’ ನಮೂನೆಯದ್ದು ನಿಮ್ಗೆ ಅಪರೂಪಕ್ಕೆ ಬೇಕಾಗುವುದು, ಮತ್ತೆ ಚಾರ್ಟಲ್ಲಿ ರೂಪ ಮಾತ್ರ ಇರ್ತದೆ, ಯಾವ ಹೊತ್ತಿಗೆ ಯಾವುದು ಅಂತ ಇರುವುದಿಲ್ಲ. ಲ್ಯಾಮಿನೇಟ್ ಮಾಡಿದ ಚಾರ್ಟಿಗೆ, ಮೂವತ್ತು ದಿನದಲ್ಲಿ ಇಂಗ್ಲಿಷ್ ಅನ್ನುವ ಪುಸ್ತಕಕ್ಕೆ ದುಡ್ಡು ಹಾಕ್ಬೇಡಿ.

ಎರಡನೇದು ಸುಲಭ. ಯಾವಾಗ್ಲೂ ನಡೆಯುವುದಕ್ಕೆ ಸಿಂಪಲ್ ಪ್ರೆಸೆಂಟ್: ‘ದಿ ಉಡುಪಿ ಪರ್ಯಾಯ ಚೇಂಜಸ್ ಎವ್ರಿ ಟು ಇಯರ್ಸ್’. ಈಗ ನಡೀತಾ ಇರುವುದಕ್ಕೆ ಐಎನ್‌ಜಿ. ‘ನಾಳೆ ಬರ್ತೇನೆ’ ಅಂದ್ರೆ ‘ಐ ವಿಲ್ ಕಮ್’. ‘ಡಿಡ್’ ಬಂದ್ರೆ ಅದರ ನಂತರ ‘ಗೋ’ ಮಾತ್ರ, ‘ವೆಂಟ್’ ಅಲ್ಲ. ಮತ್ತೆ ‘ನನಗೆ ಇಬ್ರು ತಮ್ಮಂದಿರು ಇದ್ದಾರೆ’ ಅನ್ಲಿಕ್ಕೆ ‘ಐ ಆಮ್ ಹ್ಯಾವಿಂಗ್’ ಬೇಡ, ‘ಐ ಹ್ಯಾವ್’ ಸಾಕು. ನೋ (ಅಂದ್ರೆ ಗೊತ್ತಿರುವುದು), ವಾಂಟ್, ಅಂಡರ್‌ಸ್ಟ್ಯಾಂಡ್ ಇವಕ್ಕೂ ಸಾಮಾನ್ಯವಾಗಿ ಐಎನ್‌ಜಿ ಹತ್ತುವುದಿಲ್ಲ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಯಾಕಂದ್ರೆ ಅಲ್ಲಿ ಊಟ ಮಾಡುವ ಕೆಲಸ ನಡೀತಾ ಉಂಟು.

ಈಗ ಕಷ್ಟದ್ದಕ್ಕೆ ಬರುವ. ಕನ್ನಡದಲ್ಲಿ ‘ನಿನ್ನೆ ಮೇಲ್ ಕಳಿಸಿದ್ದೇನೆ’ ಅಂತ ಧೈರ್ಯವಾಗಿ ಹೇಳ್ಬಹುದು, ಯಾರೂ ತಪ್ಪು ಅನ್ನುವುದಿಲ್ಲ. ಇಂಗ್ಲಿಷಲ್ಲಿ ‘ಯೆಸ್ಟರ್‌ಡೇ’ ಇದ್ದ ವಾಕ್ಯದಲ್ಲಿ ‘ಐ ಹ್ಯಾವ್ ಸೆಂಟ್’ ಕೂರುವುದಿಲ್ಲ, ‘ಐ ಸೆಂಟ್ ದಿ ಮೇಲ್ ಯೆಸ್ಟರ್‌ಡೇ’ ಅನ್ಬೇಕು. ಉಲ್ಟಾ ಕೂಡ ಉಂಟು. ನಮ್ಮಲ್ಲಿ ಯಾರು ಸಿಕ್ಕಿದ್ರೂ ‘ಊಟ ಆಯ್ತಾ?’ ಅಂತ ಕೇಳ್ತೇವಲ್ಲ, ತುಳುವಲ್ಲಾದ್ರೆ ‘ವಣಸ್ ಆಂಡಾ?’, ಅದರಲ್ಲಿ ‘ಇದ್ದೇನೆ’, ‘ಇದ್ದೀರಿ’ ಎಂತದೂ ಇಲ್ಲ, ಆದ್ರೂ ಇಂಗ್ಲಿಷಲ್ಲಿ ಅದು ‘ಹ್ಯಾವ್ ಯು ಹ್ಯಾಡ್ ಲಂಚ್?’ ಆಗ್ತದೆ. ಯಾಕೆ? ನಾವು ಕೇಳುವುದು ಎಷ್ಟೊತ್ತಿಗೆ ಉಂಡ್ರಿ ಅಂತ ಅಲ್ಲ, ಈಗ ಹೊಟ್ಟೆ ತುಂಬಿದೆಯಾ ಅಂತ. ಅದೇ ‘ಎಷ್ಟೊತ್ತಿಗೆ ಊಟ ಮಾಡಿದ್ರಿ?’ ಅಂದ ಕೂಡ್ಲೆ ‘ವೆನ್ ಡಿಡ್ ಯು ಹ್ಯಾವ್ ಲಂಚ್?’.

ಹಾಗಾಗಿ ಕನ್ನಡದ ಕ್ರಿಯಾಪದದ ಬಾಲ ನೋಡ್ಬೇಡಿ. ವಾಕ್ಯಕ್ಕೆ ‘ಯಾವಾಗ?’ ಅಂತ ಒಂದು ಪ್ರಶ್ನೆ ಹಾಕಿ. ಉತ್ತರ ವಾಕ್ಯದಲ್ಲೇ ಉಂಟಾ, ಆ ಹೊತ್ತು ಮುಗಿದು ಹೋಗಿದೆಯಾ, ಹಾಗಾದ್ರೆ ‘ಹ್ಯಾವ್’ ತೆಗೀರಿ. ನಿನ್ನೆ, ಕಳೆದ ವಾರ, 2022ರಲ್ಲಿ, ಎರಡು ದಿನದ ಹಿಂದೆ, ನಾನು ಸುರತ್ಕಲ್ಲಲ್ಲಿ ಇದ್ದಾಗ, ಇವೆಲ್ಲ ಮುಗಿದ ಹೊತ್ತು. ಹರ್ಮನ್ ಮೋಗ್ಲಿಂಗ್ ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದ್ದು 1843ರಲ್ಲಿ, ಅಲ್ಲಿ ‘ಸ್ಟಾರ್ಟೆಡ್’ ಮಾತ್ರ, ‘ಹ್ಯಾಸ್ ಸ್ಟಾರ್ಟೆಡ್’ ಬರೆದ್ರೆ ತಪ್ಪು. ಇವತ್ತು, ಈ ವಾರ, ಈ ವರ್ಷ ಅಂದ್ರೆ ಇನ್ನೂ ಮುಗೀಲಿಲ್ಲ, ಅಲ್ಲಿ ‘ಹ್ಯಾವ್’ ನಡೀತದೆ. ಯಾವಾಗ ಅಂತ ಹೇಳದೆ ಅದರ ಫಲ ಮಾತ್ರ ಹೇಳುವುದಾದ್ರೆ ‘ಹ್ಯಾವ್’ ಹಾಕಿ. ರೆಸ್ಯೂಮೆಯ ವಾಕ್ಯ ಈಗ ನೋಡಿ: ‘ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2022’ ಸರಿ, ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ’ ಅಂತ ಇಸವಿ ಬಿಟ್ರೂ ಸರಿ, ಎರಡೂ ಒಟ್ಟಿಗೆ ಬೇಡ. ಅಮೆರಿಕದ ಸೀರೀಸ್ ನೋಡುವವರಿಗೆ ಒಂದು ಮಾತು, ಅಲ್ಲಿಯವರು ‘ಐ ಜಸ್ಟ್ ಏಟ್’ ಅಂತಾರೆ, ಬ್ರಿಟಿಷ್ ರೂಢಿಯಲ್ಲಿ ‘ಐ ಹ್ಯಾವ್ ಜಸ್ಟ್ ಈಟನ್’, ಎರಡೂ ನಡೀತದೆ, ಗಾಬರಿ ಬೇಡ.

ಫೋನಲ್ಲಿ ಕೆಂಪು ಗೆರೆ ಎಳೆಯುವ ಆ್ಯಪ್ ಉಂಟಲ್ಲ ಅಂತೀರಿ. ಇರ್ಲಿ, ಆದ್ರೆ ಒತ್ತಿ ಸರಿ ಮಾಡಿಸಿಕೊಂಡ್ರೆ ಇಂಟರ್ವ್ಯೂನಲ್ಲಿ ಬಾಯಿಗೆ ಬರುವುದಿಲ್ಲ. ಮೊದಲು ನೀವೇ ‘ಯಾವಾಗ?’ ಕೇಳಿ ತಿದ್ದಿ, ಮತ್ತೆ ಆ್ಯಪಿಗೆ ಹಾಕಿ.

ಮುಂದಿನದು ‘ಹ್ಯಾಡ್’. ‘ನಿನ್ನೆ ಮಲ್ಪೆಗೆ ಹೋಗಿದ್ದೆ’ ಅಂತ ಹೇಳಿ ಹೇಳಿ ‘ಐ ಹ್ಯಾಡ್ ಗಾನ್ ಟು ಮಲ್ಪೆ ಯೆಸ್ಟರ್‌ಡೇ’ ಅನ್ನುವುದು ನಮ್ಮೂರಲ್ಲಿ ತುಂಬ. ಬರೀ ಹೋಗಿ ಬಂದದ್ದಕ್ಕೆ ‘ವೆಂಟ್’ ಸಾಕು ಮಾರ್ರೆ. ಹಿಂದೆ ನಡೆದ ಎರಡು ಸಂಗತಿಯಲ್ಲಿ ಯಾವುದು ಮೊದಲು ಅಂತ ತೋರಿಸ್ಲಿಕ್ಕೆ ಇರುವಾಗ ‘ಹ್ಯಾಡ್’ ಹಾಕಿ: ‘ವೆನ್ ಐ ರೀಚ್ಡ್ ಸ್ಟೇಟ್ ಬ್ಯಾಂಕ್, ದಿ ಉಡುಪಿ ಬಸ್ ಹ್ಯಾಡ್ ಲೆಫ್ಟ್’. ಸ್ಟೇಟ್ ಬ್ಯಾಂಕ್ ಅಂದ್ರೆ ಮಂಗಳೂರಿನ ಬಸ್ ಸ್ಟ್ಯಾಂಡ್, ನಾನು ಅಲ್ಲಿಗೆ ಮುಟ್ಟುವ ಮೊದಲೇ ಬಸ್ ಹೋಗಿತ್ತು. ‘ಹ್ಯಾಡ್’ ತೆಗೆದು ಬರೀ ‘ಲೆಫ್ಟ್’ ಅಂದ್ರೆ ನಾನು ಮುಟ್ಟುವಾಗ ಬಸ್ ಹೊರಟಿತು ಅಂತ ಅರ್ಥ ಆಗ್ತದೆ, ಓಡಿದ್ರೆ ಸಿಗ್ತಿತ್ತೇನೋ.

‘2018ರಿಂದ ಮಣಿಪಾಲದಲ್ಲಿ ಇದ್ದೇನೆ’ ಅನ್ಲಿಕ್ಕೆ ‘ಐ ಆಮ್’ ಆಗುವುದಿಲ್ಲ, ‘ಐ ಹ್ಯಾವ್ ಬೀನ್ ಇನ್ ಮಣಿಪಾಲ್ ಸಿನ್ಸ್ 2018’. ಶುರು ಆದ ದಿನ ಹೇಳಿದ್ರೆ ‘ಸಿನ್ಸ್’, ಎಷ್ಟು ಕಾಲ ಅಂದ್ರೆ ‘ಫಾರ್’. ‘ಸಿನ್ಸ್ ಫೈವ್ ಇಯರ್ಸ್’ ಬರೀಲೇಬೇಡಿ.

ಅಭ್ಯಾಸಕ್ಕೆ ದಿನಾ ರಾತ್ರಿ ನಿನ್ನೆಯ ಬಗ್ಗೆ ಐದಾರು ಸಾಲು ಇಂಗ್ಲಿಷಲ್ಲಿ ಕೈಯಲ್ಲೇ ಬರೀರಿ, ಒಂದರಲ್ಲೂ ‘ಹ್ಯಾವ್’ ಕೂಡಿದ ಕ್ರಿಯಾಪದ ಬರ್ಬಾರ್ದು. ಅದು ಸಲೀಸಾದ ಮೇಲೆ ಇವತ್ತು ಏನೇನು ಕೆಲಸ ಆಯ್ತು, ಏನು ಬಾಕಿ ಉಂಟು ಅಂತ ಗಂಟೆ ಹೇಳದೆ ಇನ್ನೈದು ಸಾಲು, ಅದರಲ್ಲಿ ಎಲ್ಲ ಕಡೆ ‘ಹ್ಯಾವ್’ ಇರ್ಬೇಕು.